ನಿನ್ನೆ ಚೆನ್ನಾಗಿದ್ದ ಹಾವು ಬೆಳಿಗ್ಗೆ ಸತ್ತಿದೆ, ಕಾರಣ ಗೊತ್ತಿಲ್ಲ: ಈಗ ಏನು ಮಾಡಬೇಕು?

ಮೂರೂವರೆ_ಅಡಿ

ಬಾಲ್ ಪೈಥಾನ್, ಗಂಡು, 4 ವರ್ಷ, 1,350 ಗ್ರಾಂ. ಕೊನೆಯ ಊಟ 6 ದಿನದ ಹಿಂದೆ, 80 ಗ್ರಾಂನ ಫ್ರೋಜನ್ ಇಲಿ, ಕರಗಿಸಿ ಕೊಟ್ಟಿದ್ದು. ವಾಂತಿ ಇಲ್ಲ, ಗಾಯ ಇಲ್ಲ. ರಾತ್ರಿ ನಾಲಿಗೆ ಆಡಿಸಿಕೊಂಡು ಓಡಾಡ್ತಿತ್ತು. ಬೆಳಿಗ್ಗೆ ಹೈಡ್‌ನಿಂದ (ಅಡಗಿಕೊಳ್ಳೋ ಗೂಡು) ಆಚೆ ಉದ್ದಕ್ಕೆ ಬಿದ್ದಿದೆ, ಮುಟ್ಟಿದರೆ ಅಲುಗಾಟ ಇಲ್ಲ. ಇನ್ನೂ ಟ್ಯಾಂಕ್‌ನಲ್ಲೇ ಇದೆ. ಪಕ್ಕದ ಟ್ಯಾಂಕ್‌ನಲ್ಲಿ ಒಂದು ಕಾರ್ನ್ ಸ್ನೇಕ್ ಇದೆ. ಯಾವುದು ಮೊದಲು, ಯಾವುದು ಆಮೇಲೆ? 8 ವರ್ಷದ ಮಗಳಿಗೆ ಇನ್ನೂ ಹೇಳಿಲ್ಲ.

ನಿಧಾನದ_ನಡೆ

ಮೊದಲು ಸತ್ತಿದೆಯಾ ಅನ್ನೋದೇ ಖಾತ್ರಿ ಆಗಲಿ. ನಾಯಿ ಬೆಕ್ಕಿಗೆ ಮಾಡೋ ಹಾಗೆ ಮೂಗಿನ ಹತ್ತಿರ ಕನ್ನಡಿ ಹಿಡಿಯೋದು ಇಲ್ಲಿ ಕೆಲಸಕ್ಕೆ ಬರಲ್ಲ. ಆರಾಮಾಗಿರೋ ಹಾವು ಎರಡು ಉಸಿರಿನ ನಡುವೆ ನಿಮಿಷಗಟ್ಟಲೆ ಸುಮ್ಮನಿರಬಹುದು.

ಟ್ಯಾಂಕ್‌ನ ಉಷ್ಣಾಂಶ ಈಗ ಎಷ್ಟಿದೆ ನೋಡಿ. ರಾತ್ರಿ ಕರೆಂಟ್ ಹೋಗಿ ಟ್ಯಾಂಕ್ ತಣ್ಣಗಾಗಿದ್ದರೆ, 15 ಡಿಗ್ರಿ ಆಸುಪಾಸಿನಲ್ಲಿ ಮರಗಟ್ಟಿದ ಹಾವು ಸತ್ತ ಹಾವಿನ ಹಾಗೇ ಕಾಣುತ್ತೆ. ಆಗ 28ರಿಂದ 30 ಡಿಗ್ರಿ ಇರೋ ಡಬ್ಬಿಯಲ್ಲಿ ಒಂದೆರಡು ಗಂಟೆ ಇಟ್ಟು ನೋಡಬೇಕು. ಬಿಸಿನೀರು, ಹೇರ್ ಡ್ರೈಯರ್ ಎರಡೂ ಬೇಡ. ಟ್ಯಾಂಕ್ ಮೊದಲೇ ಬೆಚ್ಚಗಿದ್ದರೆ ಈ ಹಂತವೇ ಬೇಡ, ಯಾಕಂದ್ರೆ ಆ ಉಷ್ಣಾಂಶದಲ್ಲಿ ಅದು ಚಳಿಗೆ ಮರಗಟ್ಟಿರೋಕೆ ಸಾಧ್ಯ ಇಲ್ಲ.

ಬೆನ್ನ ಮೇಲೆ ಮಲಗಿಸಿ. ಬದುಕಿರೋ ಹಾವು ಸಾಮಾನ್ಯವಾಗಿ ಹೊರಳೋಕೆ ಪ್ರಯತ್ನ ಮಾಡುತ್ತೆ, ತೀರಾ ನಿಶ್ಶಕ್ತವಾಗಿದ್ದರೆ ಮಾಡದೇ ಇರಬಹುದು. ಬಾಲದ ತುದಿ ಗಟ್ಟಿಯಾಗಿ ಒತ್ತಿ, ಮಲದ್ವಾರದ ಅಂಚು ಮುಟ್ಟಿ. ಆಮೇಲೆ ಮೂತಿಯಿಂದ ಮಲದ್ವಾರದವರೆಗಿನ ಉದ್ದದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಹೃದಯ ಇರುತ್ತೆ. ಅಲ್ಲಿ ಹೊಟ್ಟೆಯ ಹುರುಪೆಗಳ ಮೇಲೆ ಟಾರ್ಚ್ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು 5 ನಿಮಿಷ ಕಣ್ಣು ಕೀಳದೆ ನೋಡಿ. ಹುರುಪೆ ಸಣ್ಣಗೆ ಏರಿಳಿಯುತ್ತಾ ಅನ್ನೋದಷ್ಟೇ ಪ್ರಶ್ನೆ. ಅನುಮಾನ ಉಳಿದರೆ ವೈದ್ಯರು ಡಾಪ್ಲರ್ (ರಕ್ತದ ಹರಿವಿನ ಸದ್ದು ಕೇಳಿಸೋ ಯಂತ್ರ) ಇಟ್ಟು ಕೇಳ್ತಾರೆ.

ಮೈ ಸೆಟೆದಿದ್ದರೆ, ವಾಸನೆ ಶುರುವಾಗಿದ್ದರೆ, ಹೊಟ್ಟೆಯ ಕಡೆ ಹಸಿರು ಛಾಯೆ ಬಂದಿದ್ದರೆ ಇದ್ಯಾವುದೂ ಬೇಕಿಲ್ಲ. ಕಣ್ಣು ಮಂಜಾಗಿರೋದನ್ನು ಮಾತ್ರ ನಂಬಬೇಡಿ. ಪೊರೆ ಬಿಡೋ ಮುಂಚೆಯೂ ಹಾಗೇ ಕಾಣುತ್ತೆ.

ಮೂರೂವರೆ_ಅಡಿ

ಬಿಸಿ ಬದಿ 32, ತಣ್ಣನೆ ಬದಿ 26. ಕುತ್ತಿಗೆಯಿಂದ ಅರ್ಧ ಮೈವರೆಗೆ ಸೆಟೆದಿದೆ. ಬಡಿತ ಇಲ್ಲ.

ಸ್ಲೈಡು_ಸೂಕ್ಷ್ಮದರ್ಶಕ

ಹಾಗಿದ್ದರೆ ತಡ ಮಾಡಬೇಡಿ, ದೇಹವನ್ನು ಹೀಟ್ ಮ್ಯಾಟ್ ಇರೋ ಕಡೆಯಿಂದ ತೆಗೀರಿ. ಕಾರಣ ತಿಳಿಯೋ ಅವಕಾಶ ಗಂಟೆಗಂಟೆಗೂ ಕರಗೋದು ಅಲ್ಲೇ. 32 ಡಿಗ್ರಿಯಲ್ಲಿ ಕರುಳು, ಮೇದೋಜೀರಕ, ಲಿವರ್ ಎಲ್ಲ ತಮ್ಮದೇ ಕಿಣ್ವಗಳಲ್ಲಿ ಕರಗ್ತಾ ಹೋಗುತ್ತವೆ. ಒಂದಿಡೀ ದಿನ ಮ್ಯಾಟ್ ಮೇಲೆ ಉಳಿದ ದೇಹದ ತುಣುಕು ಸೂಕ್ಷ್ಮದರ್ಶಕದ ಕೆಳಗೆ ಬರೀ ಗುಲಾಬಿ ಮಂಜು.

ತೆಗೆಯೋ ಮುಂಚೆ ಎರಡು ನಿಮಿಷ ಫೋಟೊಗೆ ಕೊಡಿ. ಇಡೀ ಟ್ಯಾಂಕ್, ದೇಹ ಬಿದ್ದ ಭಂಗಿ, ಬಾಯಿ, ಮಲದ್ವಾರ, ಹೊಟ್ಟೆಯ ಪೂರ್ತಿ ಉದ್ದ, ಥರ್ಮೋಸ್ಟಾಟ್ (ಶಾಖವನ್ನು ಹಿಡಿತದಲ್ಲಿಡೋ ಸಾಧನ) ತೋರಿಸ್ತಿರೋ ಅಂಕಿ. ತೂಕ ಹಾಕಿ.

ಕೈಗವಸು ಹಾಕಿಕೊಂಡು ದೇಹವನ್ನು ಸಡಿಲವಾಗಿ ಸುರುಳಿ ಮಾಡಿ, ಒಣ ಪೇಪರ್ ಟವೆಲ್‌ನಲ್ಲಿ ಸುತ್ತಿ, ಗಾಳಿ ಹೊರಗೆ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಇಡಿ. ಅದರ ಹೊರಗೆ ಇನ್ನೊಂದು ಚೀಲ, ಅದರ ಹೊರಗೆ ಮುಚ್ಚಳದ ಡಬ್ಬಿ. ಮೇಲೆ ದಿನಾಂಕ, ಸಿಕ್ಕ ಸಮಯ, ತೂಕ ಬರೆಯಿರಿ. ಫ್ರಿಜ್‌ನಲ್ಲಿ, 4 ಡಿಗ್ರಿ. ಫ್ರೀಜರ್‌ನಲ್ಲಿ ಅಲ್ಲ. 24 ಗಂಟೆಯೊಳಗೆ ವೈದ್ಯರಿಗೆ ತಲುಪಿದರೆ ಒಳ್ಳೇದು, 48 ಆದರೂ ಪರವಾಗಿಲ್ಲ. 72 ದಾಟಿದ ಮೇಲೆ ಅದೃಷ್ಟ. ಒಯ್ಯುವಾಗ ಐಸ್ ಪ್ಯಾಕ್ ನೇರವಾಗಿ ಮೈಗೆ ತಾಗಬಾರದು, ಮಧ್ಯೆ ದಿನಪತ್ರಿಕೆಯ ನಾಲ್ಕು ಪದರ ಇರಲಿ.

ಮಣ್ಣು_ಹಾಸು

ಫ್ರೀಜರ್ ಯಾಕೆ ಬೇಡ? ಕೆಡದೇ ಉಳಿಯುತ್ತಲ್ವಾ?

ಸ್ಲೈಡು_ಸೂಕ್ಷ್ಮದರ್ಶಕ

ಕೊಳೆಯಲ್ಲ, ನಿಜ. ಆದರೆ ಜೀವಕೋಶದೊಳಗಿನ ನೀರು ಹೆಪ್ಪುಗಟ್ಟಿ ಹರಳಾಗಿ ಕೋಶದ ಪೊರೆ ಹರಿಯುತ್ತೆ. ಕರಗಿಸಿದ ಮೇಲೆ ಅಂಗಾಂಶದ ರಚನೆ ಓದೋಕಾಗಲ್ಲ. ಈಗಾಗಲೇ ಫ್ರೀಜರ್‌ಗೆ ಹಾಕಿಬಿಟ್ಟವರು ಕೈ ಚೆಲ್ಲಬೇಕಿಲ್ಲ. ವೈರಸ್‌ನ ಪಿಸಿಆರ್ ಮತ್ತು ವಿಷದ ಪರೀಕ್ಷೆ ಹೆಪ್ಪುಗಟ್ಟಿದ ಮಾದರಿಯಲ್ಲೂ ಆಗುತ್ತೆ. ಒಮ್ಮೆ ಹಾಕಿದ್ದರೆ ಹಾಗೇ ಇರಲಿ, ತೆಗೆದು ಕರಗಿಸಿ ಮತ್ತೆ ಹಾಕೋದು ಎಲ್ಲಕ್ಕಿಂತ ಕೆಟ್ಟದ್ದು.

ವೈದ್ಯರಿಗೆ ಮೊದಲೇ ಎರಡು ಮಾತು ಹೇಳಿ. ಒಂದು, ಪ್ರತಿ ಅಂಗದ ತುಣುಕನ್ನೂ ಎರಡು ಪಾಲು ಮಾಡೋದು. ಒಂದು ಪಾಲು 10% ಬಫರ್ಡ್ ಫಾರ್ಮಲಿನ್‌ಗೆ, ಇನ್ನೊಂದು ಪಾಲು ಹಾಗೇ ಫ್ರೀಜರ್‌ಗೆ. ಫಾರ್ಮಲಿನ್‌ನಲ್ಲಿ ಮುಳುಗಿದ ತುಣುಕು ಪಿಸಿಆರ್‌ಗೆ ಚೆನ್ನಾಗಿ ಒದಗಲ್ಲ, ಫ್ರೀಜ್ ಮಾಡಿದ್ದು ಸ್ಲೈಡ್‌ಗೆ ಒದಗಲ್ಲ. ತುಣುಕಿನ ದಪ್ಪ 5 ಮಿಲಿಮೀಟರ್ ಮೀರಬಾರದು, ದ್ರವ ತುಣುಕಿನ ಹತ್ತು ಪಟ್ಟು ಇರಬೇಕು. ಇಡೀ ಹಾವನ್ನು ಫಾರ್ಮಲಿನ್ ಜಾಡಿಗೆ ಇಳಿಸಿದರೆ ಚರ್ಮ ಗಟ್ಟಿಯಾಗುತ್ತೆ, ಒಳಗೆ ಎಲ್ಲ ಕೊಳೆಯುತ್ತೆ. ಎರಡು, ಮಿದುಳನ್ನು ಬಿಡಬೇಡಿ ಅಂತ ಹೇಳಿ. ಹೊಟ್ಟೆ ಮಾತ್ರ ಸೀಳಿ ನೋಡಿ ಮುಗಿಸೋದು ಸಾಮಾನ್ಯ. ಹೆಬ್ಬಾವಿನ ಜಾತಿಯಲ್ಲಿ ಕೆಲವು ವೈರಸ್‌ಗಳ ಗುರುತು ಸಿಗೋದೇ ಮಿದುಳಲ್ಲಿ.

ದೇಹ ವಾಪಸ್ ಬೇಕಿದ್ದರೆ ಅದನ್ನೂ ಮೊದಲೇ ಹೇಳಿ. ಹೊಟ್ಟೆಯ ಅಗಲ ಹುರುಪೆ ಮುಗಿದು ಪಕ್ಕದ ಸಣ್ಣ ಹುರುಪೆ ಶುರುವಾಗೋ ಗೆರೆಯಲ್ಲಿ ಕೊಯ್ದರೆ ಆಮೇಲೆ ಹೊಲಿಯಬಹುದು, ಮೇಲಿಂದ ಗೊತ್ತಾಗಲ್ಲ. ಕೆಲವು ಪ್ರಯೋಗಾಲಯಗಳು ದೇಹ ಹಿಂತಿರುಗಿಸಲ್ಲ.

ಎರಡನೇ_ಥರ್ಮಾಮೀಟರ್

ದೇಹ ಫ್ರಿಜ್‌ಗೆ ಹೋಯ್ತು. ಈಗ ಕೈಗೆ ಬರೋ ಎರಡನೇ ಕೆಲಸ ಅಂದ್ರೆ ಟ್ಯಾಂಕ್ ಬಿಚ್ಚಿ ತೊಳೆಯೋದು. ದುಃಖದಲ್ಲಿ ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತೆ. ದಯವಿಟ್ಟು 48 ಗಂಟೆ ಏನೂ ಕದಲಿಸಬೇಡಿ. ಟ್ಯಾಂಕ್ ಕೂಡ ಒಂದು ಸಾಕ್ಷಿ. ಪ್ಲಗ್ ಕಿತ್ತ ಕೂಡಲೇ ಅದು ಬಾಯಿ ಮುಚ್ಚಿಕೊಳ್ಳುತ್ತೆ.

ಎಲ್ಲ ಮೊದಲಿನ ಹಾಗೇ ಚಾಲೂ ಇರಲಿ. ಕನಿಷ್ಠ-ಗರಿಷ್ಠ ನೆನಪಿಟ್ಟುಕೊಳ್ಳೋ ಡಿಜಿಟಲ್ ಥರ್ಮಾಮೀಟರ್ ಎರಡು ತನ್ನಿ. ಒಂದರ ಪ್ರೋಬ್ (ಶಾಖ ಅಳೆಯೋ ತಂತಿಯ ತುದಿ) ಬಿಸಿ ಬದಿಯ ಹೈಡ್ ಒಳಗೆ, ಹಾವು ಮಲಗೋ ಜಾಗದಲ್ಲೇ, ಹಾಸಿನ ಕೆಳಗೆ ಗಾಜಿನ ಮೇಲೆ. ಇನ್ನೊಂದು ತಣ್ಣನೆ ಬದಿಯಲ್ಲಿ. ಥರ್ಮೋಸ್ಟಾಟ್‌ನ ಪರದೆ ತೋರಿಸೋ ಅಂಕಿಯನ್ನು ಲೆಕ್ಕಕ್ಕೇ ತಗೋಬೇಡಿ. ಅದು ತನ್ನ ಪ್ರೋಬ್ ಇರೋ ಜಾಗದ ಸುದ್ದಿ ಮಾತ್ರ ಹೇಳುತ್ತೆ. ಗೋಡೆಗೆ ಅಂಟಿಸೋ ದುಂಡು ಮುಳ್ಳಿನ ಮಾಪಕವಂತೂ ಅಲಂಕಾರ.

ಬಾಲ್ ಪೈಥಾನ್‌ಗೆ ಬಿಸಿ ಬದಿ 31ರಿಂದ 33, ತಣ್ಣನೆ ಬದಿ 24ರಿಂದ 27. 38 ದಾಟಿ ತಪ್ಪಿಸಿಕೊಳ್ಳೋಕೆ ಜಾಗ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್‌ನ ಮೇಲಿನ ಗಾಜು 50 ಡಿಗ್ರಿಗೂ ಹೋಗಬಲ್ಲದು. ಥರ್ಮೋಸ್ಟಾಟ್ ಇದ್ದೂ ಕೆಡೋ ದಾರಿಗಳು ಇವು:

ಪ್ರೋಬ್ ಜಾರುತ್ತೆ. ಹಾವು ಹಾಸು ತಳ್ಳುವಾಗ ಪ್ರೋಬ್ ಮೇಲೆದ್ದು ತಣ್ಣನೆ ಗಾಳಿಗೆ ಬರುತ್ತೆ. "ಇನ್ನೂ ತಂಪಿದೆ" ಅಂತ ಥರ್ಮೋಸ್ಟಾಟ್ ಮ್ಯಾಟ್‌ಗೆ ಕರೆಂಟ್ ಕೊಡ್ತಾನೇ ಇರುತ್ತೆ. ನೀರಿನ ಬಟ್ಟಲು ಮಗುಚಿ ಪ್ರೋಬ್ ಒದ್ದೆಯಾದರೂ ಇದೇ ಗತಿ.

ರಿಲೇ, ಅಂದ್ರೆ ಕರೆಂಟ್ ಹಾಯಿಸಿ ನಿಲ್ಲಿಸೋ ಒಳಗಿನ ಸ್ವಿಚ್, ಅಂಟಿಕೊಳ್ಳುತ್ತೆ. ಆನ್-ಆಫ್ ಮಾದರಿಯಲ್ಲಿ ದಿನಕ್ಕೆ ನೂರಾರು ಸಲ ಟಕ್ ಟಕ್ ಅನ್ನೋ ರಿಲೇಯ ಕಡ್ಡಿಗಳು ಕಿಡಿಗೆ ಕರಗಿ ಬೆಸೆದುಕೊಂಡರೆ ಆಫ್ ಆಗೋದೇ ಇಲ್ಲ. ಪರದೆ ಮಾತ್ರ ಆಫ್ ಅಂತಾನೇ ತೋರಿಸುತ್ತೆ. ಪರೀಕ್ಷೆ ಸುಲಭ. ಗುರಿ ಉಷ್ಣಾಂಶವನ್ನು 20ಕ್ಕೆ ಇಳಿಸಿ, ಅರ್ಧ ಗಂಟೆ ಬಿಟ್ಟು ಮ್ಯಾಟ್ ತಣ್ಣಗಾಗ್ತಿದೆಯಾ ಮುಟ್ಟಿ ನೋಡಿ. ಇದನ್ನು 48 ಗಂಟೆಯ ದಾಖಲೆ ಮುಗಿದ ಮೇಲೆ ಮಾಡಿ.

ಬಿಸಿಲು. ವರ್ಷದ ಒಂದೆರಡು ವಾರ ಮಾತ್ರ ಕಿಟಕಿಯ ಬಿಸಿಲು ಓರೆಯಾಗಿ ಗಾಜಿನ ಟ್ಯಾಂಕ್ ಮೇಲೆ ಬೀಳೋದು ಬಹಳ ಜನರ ಗಮನಕ್ಕೇ ಬರಲ್ಲ. ಮುಚ್ಚಿದ ಗಾಜಿನೊಳಗೆ ಮಾರಕ ಶಾಖ ಏರೋಕೆ ಗಂಟೆಗಳು ಬೇಕಿಲ್ಲ.

ಶಾಖದಿಂದ ಸತ್ತಿದ್ದರೆ ಸಾಮಾನ್ಯವಾಗಿ ಸುತ್ತಲೂ ಗುರುತು ಇರುತ್ತೆ: ನೀರಿನ ಬಟ್ಟಲಲ್ಲಿ ಅಥವಾ ತಣ್ಣನೆ ಮೂಲೆಯಲ್ಲಿ ದೇಹ, ಕದಡಿದ ಹಾಸು, ಗಾಜಿನ ಮೇಲೆ ಮೂತಿ ಉಜ್ಜಿದ ಕಲೆ, ಕೆಲವೊಮ್ಮೆ ಕಕ್ಕಿದ ಆಹಾರ.

ಮೂರೂವರೆ_ಅಡಿ

ಹೊಟ್ಟೆ ಕಡೆ ಗುಲಾಬಿ ಬಣ್ಣ ಇದೆ, ಬಾಯಿಂದ ಸ್ವಲ್ಪ ರಕ್ತ ಬೆರೆತ ನೀರು ಬಂದಿದೆ. ಸುಟ್ಟಿದ್ದಾ? ನಂಜಾ?

ಸ್ಲೈಡು_ಸೂಕ್ಷ್ಮದರ್ಶಕ

ಈ ಎರಡರಿಂದ ಏನನ್ನೂ ಹೇಳೋಕಾಗಲ್ಲ. ಸತ್ತ ಮೇಲೆ ರಕ್ತ ಕೆಳಬದಿಗೆ ಇಳಿದು ನಿಲ್ಲುತ್ತೆ, ಬಿಳಿ ಹೊಟ್ಟೆಯ ಹಾವಿನಲ್ಲಿ ಅದು ಗುಲಾಬಿಯಾಗಿ ಕಾಣುತ್ತೆ. ಶ್ವಾಸಕೋಶದ ದ್ರವ ಬಾಯಿಗೆ ಜಿನುಗೋದೂ ಸತ್ತ ಮೇಲೆ ಆಗುತ್ತೆ. ಬಾಯಿ ತೆರೆದಿರೋದು, ಮೈ ತಿರುಚಿಕೊಂಡಿರೋದು ಕೂಡ ಸ್ನಾಯು ಸೆಟೆದಿದ್ದರಿಂದಲೇ ಇರಬಹುದು. "ಒದ್ದಾಡಿ ಸತ್ತಿದೆ" ಅನ್ನೋ ತೀರ್ಮಾನಕ್ಕೆ ಜನ ಬರೋದು ಹೆಚ್ಚಾಗಿ ಈ ಭಂಗಿ ನೋಡಿ. ಭಂಗಿ ಅಷ್ಟು ಹೇಳಲ್ಲ.

ನಂಜಿನ, ಅಂದ್ರೆ ಸೋಂಕು ರಕ್ತಕ್ಕೆ ಹರಡಿದಾಗ ಬರೋ, ಚುಕ್ಕೆ ಬೇರೆ ಥರ. ಒಂದೊಂದು ಹುರುಪೆಯ ಬುಡದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ದೇಹದ ಮೇಲ್ಬದಿಯಲ್ಲೂ ಇರುತ್ತವೆ. ಸುಟ್ಟಗಾಯದಲ್ಲಿ ಹುರುಪೆ ಗುಳ್ಳೆಯೆದ್ದು ಕಂದು ಬಣ್ಣಕ್ಕೆ ತಿರುಗಿರುತ್ತೆ.

ಮಣ್ಣು_ಹಾಸು

ಮನೆಯೊಳಗಿನ ರಾಸಾಯನಿಕಗಳ ಪಟ್ಟಿಯನ್ನೂ ಬರೆದಿಡಿ, ಹಿಂದಿನ ಎರಡು ವಾರದ್ದು. ಗೆದ್ದಲು ಅಥವಾ ಜಿರಲೆಗೆ ಔಷಧಿ ಹೊಡೆಸಿದ್ದು, ಸೊಳ್ಳೆಯ ಕಾಯಿಲ್ ಅಥವಾ ಪ್ಲಗ್ ಹಾಕೋ ದ್ರವ, ಹೊಸ ಪೇಂಟ್, ನುಸಿಗುಳಿಗೆ, ನೀರಿಗೆ ಹಾಕಿದರೆ ಬೆಳ್ಳಗಾಗೋ ಫಿನಾಯಿಲ್. ನಾಯಿಗೆ ಹಾಕೋ ಪರ್ಮೆಥ್ರಿನ್ ಸ್ಪ್ರೇ ಹಾವಿನ ನುಸಿಗೂ ಆಗುತ್ತೆ ಅಂತ ಹಸಿಹಸಿ ಹೊಡೆದು ಮುಚ್ಚಳ ಹಾಕಿದರೆ ನರಕ್ಕೆ ಪೆಟ್ಟು. ಹೊಡೆದ ಟ್ಯಾಂಕ್ ಪೂರ್ತಿ ಒಣಗಿ ಗಾಳಿಯಾಡಿದ ಮೇಲೇ ಹಾವು ಒಳಗೆ ಹೋಗಬೇಕು, ಆವರೆಗೆ ನೀರಿನ ಬಟ್ಟಲೂ ಹೊರಗಿರಬೇಕು. ದೇವದಾರು ಮರದ ಹೊಟ್ಟಿನ ಹಾಸು ಇದ್ದರೆ ಅದನ್ನೂ ಬರೆಯಿರಿ, ಅದರ ಎಣ್ಣೆ ಒಳ್ಳೇದಲ್ಲ. ಹಾಸಿನ ಒಂದು ಹಿಡಿಯನ್ನು ಮುಚ್ಚಿದ ಚೀಲದಲ್ಲಿ ತೆಗೆದಿಡಿ.

ಆದರೆ ವಿಷದ ಪರೀಕ್ಷೆಗೆ "ಏನಾದ್ರೂ ಇದೆಯಾ ನೋಡಿ" ಅಂತ ಕೊಟ್ಟರೆ ಪ್ರಯೋಜನ ಇಲ್ಲ. ಯಾವ ವಸ್ತುವನ್ನು ಹುಡುಕಬೇಕು ಅಂತ ಹೆಸರು ಹೇಳಿದರೇ ಹುಡುಕೋದು ಸಾಧ್ಯ. ಪಟ್ಟಿ ಬೇಕಿರೋದು ಅದಕ್ಕೇ.

ಬೋವಾ_ಬಳಗ

ಪಕ್ಕದಲ್ಲಿ ಬದುಕಿರೋ ಕಾರ್ನ್ ಸ್ನೇಕ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಕಾರಣ ತಿಳಿಯೋವರೆಗೆ ಇದನ್ನು ಸೋಂಕಿನ ಸಾವು ಅಂತಲೇ ಇಟ್ಟುಕೊಂಡು ನಡೀರಿ.

ಹಠಾತ್ ಸಾವಿನ ಹಿಂದೆ ಇರಬಹುದಾದ ಸೋಂಕುಗಳಲ್ಲಿ ಮೂರು ವೈರಸ್ ಗುಂಪು ಮುಖ್ಯ. ಫೆರ್ಲಾವೈರಸ್: 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹಾವು ಸಾಕಣೆ ಕೇಂದ್ರವೊಂದರಲ್ಲಿ ಫೆರ್-ಡಿ-ಲ್ಯಾನ್ಸ್ ಹಾವುಗಳು ಸಾಲಾಗಿ ಸತ್ತಾಗ ಬೆಳಕಿಗೆ ಬಂದಿದ್ದು, ಹೆಸರೂ ಅಲ್ಲಿಂದಲೇ. ನಿನ್ನೆ ಸರಿಯಿದ್ದ ಹಾವು ಇಂದು ಇಲ್ಲ ಅನ್ನೋದು ಇದರಲ್ಲಿ ಹೊಸದಲ್ಲ. ರೆಪ್ಟರೆನಾವೈರಸ್: ಜೀವಕೋಶದೊಳಗೆ ಉಂಡೆಗಳು ಕಟ್ಟೋ ಇನ್‌ಕ್ಲೂಷನ್ ಬಾಡಿ ಕಾಯಿಲೆಯ ಕಾರಣ ಇದೇ ಅನ್ನೋ ಸುಳಿವು ಸಿಕ್ಕಿದ್ದು 2012ರಲ್ಲಿ. ಬೋವಾ ಇದನ್ನು ವರ್ಷಗಟ್ಟಲೆ ಹೊತ್ತು ಆರೋಗ್ಯವಾಗಿ ಕಾಣಬಹುದು, ಪೈಥಾನ್‌ನಲ್ಲಿ ಬೇಗ ನರಕ್ಕೆ ಇಳಿಯುತ್ತೆ. ತಲೆ ಮೇಲೆತ್ತಿ ಆಕಾಶ ನೋಡೋ ಹಾಗೆ ನಿಲ್ಲೋದು ಅದರ ಗುರುತು. ಸರ್ಪೆಂಟೋವೈರಸ್, ಹಳೇ ಹೆಸರು ನಿಡೋವೈರಸ್: ಬಾಲ್ ಪೈಥಾನ್‌ನಲ್ಲಿ 2014ರಲ್ಲಿ ವರದಿಯಾಯ್ತು. ಬಾಯಲ್ಲಿ ಲೋಳೆ, ಉಸಿರಾಟದ ಸದ್ದು ಇದರ ಲಕ್ಷಣ.

ಇವು ಮೂರಕ್ಕಿಂತ ನಿಮ್ಮ ಕಾರ್ನ್ ಸ್ನೇಕ್‌ಗೆ ಹೆಚ್ಚು ಚಿಂತೆಯದ್ದು ಕ್ರಿಪ್ಟೋಸ್ಪೊರಿಡಿಯಂ (ಕ್ರಿಪ್ಟೋ) ಅನ್ನೋ ಪರಾವಲಂಬಿ ಜೀವಿ. ಹೊಟ್ಟೆಯ ಗೋಡೆ ದಪ್ಪವಾಗಿ, ಮೈ ಮಧ್ಯೆ ಉಬ್ಬು ಬಂದು, ತಿಂದ ಕೆಲವು ದಿನಕ್ಕೆ ಕಕ್ಕುತ್ತೆ. ನಂಬಬಹುದಾದ ಚಿಕಿತ್ಸೆ ಇಲ್ಲ. ಮಲದಲ್ಲಿ ಬಿಟ್ಟುಬಿಟ್ಟು ಬರೋದರಿಂದ ಒಂದು ಸಲದ ನೆಗೆಟಿವ್‌ಗೆ ಅರ್ಥ ಇಲ್ಲ, ವಾರಗಳ ಅಂತರದಲ್ಲಿ ಮೂರು ಸಲ ನೋಡಿಸಿ.

ಈಗ ಮಾಡಬೇಕಾದ್ದು: ಕಾರ್ನ್ ಸ್ನೇಕ್ ಬೇರೆ ಕೋಣೆಗೆ. ಅದರ ಇಕ್ಕಳ, ಬಟ್ಟಲು, ಬಟ್ಟೆ ಬೇರೆ. ದಿನದ ಕೆಲಸ ಮೊದಲು ಅದರದ್ದು, ಸತ್ತ ಹಾವಿನ ಟ್ಯಾಂಕ್ ಕೊನೆಗೆ. ಕಾರ್ನ್ ಸ್ನೇಕ್‌ನ ಹಾಸು ತೆಗೆದು ಬಿಳಿ ಪೇಪರ್ ಟವೆಲ್ ಹಾಕಿ, ಆಗ ನುಸಿ ಇದ್ದರೆ ಕರಿ ಚುಕ್ಕೆಯಾಗಿ ಕಾಣುತ್ತೆ. ಗದ್ದದ ಕೆಳಗಿನ ಸೀಳು, ಕಣ್ಣಿನ ಸುತ್ತ, ನೀರಿನ ಬಟ್ಟಲ ತಳ ನೋಡಿ. ವಾರಕ್ಕೊಮ್ಮೆ ತೂಕ ಬರೆಯಿರಿ. ಕನಿಷ್ಠ 90 ದಿನ, ವೈರಸ್ ಸಿಕ್ಕಿದರೆ 6 ತಿಂಗಳು. ಅಷ್ಟು ದಿನ ಹೊಸ ಹಾವು ಮನೆಗೆ ಬರಬಾರದು, ಇದು ಯಾರ ಮನೆಗೂ ಹೋಗಬಾರದು.

ನಿಧಾನದ_ನಡೆ

48 ಗಂಟೆ ಆದ ಮೇಲೆ ಟ್ಯಾಂಕ್ ತೊಳೆಯೋಕೆ 1 ಪಾಲು ಬ್ಲೀಚ್, 9 ಪಾಲು ನೀರು, 10 ನಿಮಿಷ ಬಿಟ್ಟು ತೊಳೆದರೆ ಎಲ್ಲ ಸಾಯುತ್ತೆ.

ಬೋವಾ_ಬಳಗ

"ಎಲ್ಲ" ಅನ್ನೋದು ತಪ್ಪು, ಸರ್. ಮೇಲಿನ ಮೂರು ವೈರಸ್‌ಗೂ ಹೊರಗೆ ಕೊಬ್ಬಿನ ಪೊರೆ ಇರೋದರಿಂದ ಬ್ಲೀಚ್‌ಗೆ ಸಾಯುತ್ತವೆ, ಸರಿ. ಕ್ರಿಪ್ಟೋದ ಮೊಟ್ಟೆಯಂಥ ಕೋಶಗಳಿಗೆ ಮನೆಬಳಕೆಯ ಬ್ಲೀಚ್ ಸಾಲಲ್ಲ. ಅದಕ್ಕೆ 65 ಡಿಗ್ರಿಗೂ ಮೇಲಿನ ಹಬೆ ಬೇಕು, ಆಮೇಲೆ ಪೂರ್ತಿ ಒಣಗಿಸಬೇಕು. ಅಮೋನಿಯಾ ಕೂಡ ಕೆಲಸ ಮಾಡುತ್ತೆ, ಆದರೆ ಬ್ಲೀಚ್ ಮತ್ತು ಅಮೋನಿಯಾ ಒಂದೇ ದಿನ ಒಂದೇ ಟ್ಯಾಂಕ್‌ಗೆ ಬೇಡ, ಸೇರಿದರೆ ಬರೋ ಗಾಳಿ ಮನುಷ್ಯರ ಶ್ವಾಸಕೋಶಕ್ಕೇ ಕುತ್ತು.

ಯಾವುದೇ ದ್ರಾವಣಕ್ಕೂ ಮುಂಚೆ ಸೋಪುನೀರಲ್ಲಿ ಉಜ್ಜಿ ತೊಳೆಯಬೇಕು. ಮಲ ಮೆತ್ತಿದ ಗಾಜಿನ ಮೇಲೆ ಬ್ಲೀಚ್ ಹೊಯ್ದರೆ ಅದರ ಶಕ್ತಿ ಮಲಕ್ಕೇ ಖರ್ಚಾಗುತ್ತೆ. ಮರದ ಕೊಂಬೆ, ಕಾರ್ಕ್, ಹಾಸು ಎಲ್ಲ ಎರಡು ಚೀಲದಲ್ಲಿ ಕಟ್ಟಿ ಎಸೆಯಿರಿ. ರಂಧ್ರ ಇರೋದನ್ನು ಶುದ್ಧ ಮಾಡೋಕಾಗಲ್ಲ.

ಮೂರೂವರೆ_ಅಡಿ

48 ಗಂಟೆಯ ದಾಖಲೆ: ಬಿಸಿ ಬದಿ ಕನಿಷ್ಠ 30.4, ಗರಿಷ್ಠ 33.1. ತಣ್ಣನೆ ಬದಿ 24.8ರಿಂದ 26.9. ರಿಲೇ ಸರಿ ಇದೆ. ಔಷಧಿ ಹೊಡೆಸಿಲ್ಲ, ಪೇಂಟ್ ಇಲ್ಲ. ದೇಹ 20ನೇ ಗಂಟೆಗೆ ವೈದ್ಯರಿಗೆ ತಲುಪಿದೆ. ವರದಿ ಬರೋವರೆಗೆ ತಲೆಯಲ್ಲಿ ಒಂದೇ: ಯಾವ ಲಕ್ಷಣ ಕಣ್ಣು ತಪ್ಪಿತು?

ಖಾಲಿ_ಟ್ಯಾಂಕ್

ಹೆಚ್ಚಾಗಿ ಯಾವುದೂ ಇಲ್ಲ. ಸಮಾಧಾನಕ್ಕೆ ಹೇಳ್ತಿಲ್ಲ, ಈ ಪ್ರಾಣಿಯ ಮೈ ಇರೋದೇ ಹಾಗೆ. ಸೋತಂತೆ ಕಂಡರೆ ಬೇಟೆಯಾಗೋ ಪ್ರಾಣಿ ಸೋಲನ್ನು ತೋರಿಸಲ್ಲ. ನಾಯಿ ಒಂದು ದಿನ ಊಟ ಬಿಟ್ಟರೆ ಗಾಬರಿಯಾಗ್ತೀವಿ. ಬಾಲ್ ಪೈಥಾನ್ ಆರೋಗ್ಯವಾಗಿದ್ದೇ ಋತುವಿನಲ್ಲಿ ತಿಂಗಳುಗಟ್ಟಲೆ ಊಟ ಬಿಡುತ್ತೆ. ದಿನದ 20 ಗಂಟೆ ಹೈಡ್‌ನೊಳಗೆ ಅಲುಗದೆ ಇರೋ ಪ್ರಾಣಿಯಲ್ಲಿ "ಮಂಕಾಗಿದೆ" ಅಂತ ಗುರುತಿಸೋದು ಯಾವುದನ್ನು? ಈಗ ಹಿಂದಕ್ಕೆ ನೋಡಿದಾಗ "ಆ ದಿನ ನಿಧಾನವಾಗಿ ತಿಂತು" ಅಂತ ನೆನಪಾಗುತ್ತೆ. ಅದು ಬದುಕಿದ್ದಿದ್ದರೆ ಆ ನೆನಪು ಉಳಿಯುತ್ತಲೇ ಇರಲಿಲ್ಲ.

ತಪ್ಪಿತ್ತಾ ಇಲ್ಲವಾ ಅನ್ನೋದನ್ನು ಅಳತೆಯಿಂದ ನೋಡಿ. ನಿಮ್ಮ ಅಂಕಿ ಸರಿ ಇದೆ. 1,350 ಗ್ರಾಂಗೆ 80 ಗ್ರಾಂ ಅಂದ್ರೆ 6%, ಅದೂ ಸರಿ. ಒಂದು ವೇಳೆ ಅಂಕಿ 44 ಅಂತ ಬಂದಿದ್ದರೆ ಅದನ್ನೂ ಹಾಗೇ ಒಪ್ಪಿಕೊಂಡು, ಮೊದಲನೇದಕ್ಕಿಂತ 2 ಡಿಗ್ರಿ ಮೇಲೆ ಹೊಂದಿಸಿದ ಎರಡನೇ ಥರ್ಮೋಸ್ಟಾಟನ್ನು ಸಾಲಲ್ಲಿ ಹಾಕೋದು ಮುಂದಿನ ಕೆಲಸ ಆಗ್ತಿತ್ತು.

ಕಷ್ಟ ಬರೋದು ಎರಡು ಕಡೆಯಿಂದ. ಒಂದು, ಸುತ್ತಲಿನವರು. "ಹಾವೂ ಸಾಯಬೇಕು, ಕೋಲೂ ಮುರಿಯಬಾರದು" ಅಂತ ಗಾದೆ ಇರೋ ಭಾಷೆಯಲ್ಲಿ ಹಾವು ಸತ್ತವರಿಗೆ ಹೇಳೋ ಮಾತು ಯಾರಿಗೂ ತಕ್ಷಣ ಹೊಳೆಯಲ್ಲ. "ಸದ್ಯ, ಹೋಯ್ತಲ್ಲ" ಅಂತಲೂ ಅಂದಾರು. ಸಮಾಜ ಲೆಕ್ಕಕ್ಕೆ ತಗೊಳ್ಳದ ಇಂಥ ದುಃಖಕ್ಕೆ ಶೋಕದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1980ರ ದಶಕದಲ್ಲಿ ಒಂದು ಹೆಸರನ್ನೇ ಕೊಟ್ಟರು, ಕನ್ನಡದಲ್ಲಿ ಮಾನ್ಯತೆ ಸಿಗದ ಶೋಕ ಅನ್ನಬಹುದು. ಅರ್ಥ ಆಗದವರಿಗೆ ವಿವರಿಸೋ ಕೆಲಸ ಮೊದಲ ವಾರ ಬೇಡ. "ಸಾಕಿದ ಪ್ರಾಣಿ ಸತ್ತಿದೆ" ಅಂದರೆ ಸಾಕು, ಯಾವ ಪ್ರಾಣಿ ಅಂತ ಹೇಳಲೇಬೇಕಿಲ್ಲ.

ಇನ್ನೊಂದು, ಮನೆಯೊಳಗೆ ಉಳಿದ ಅಭ್ಯಾಸ. ಸಂಜೆ ದೀಪ ಆರಿಸೋಕೆ ಕೈ ತಾನಾಗೇ ಹೋಗೋದು, ಥರ್ಮೋಸ್ಟಾಟ್‌ನ ಟಕ್ ಅನ್ನೋ ಸದ್ದು ಇಲ್ಲದ ಕೋಣೆ. ಫೋನಿನಲ್ಲಿರೋ ಊಟದ ದಿನದ ಅಲಾರಂ ಇವತ್ತೇ ತೆಗೆದುಹಾಕಿ. 14 ದಿನ ಬಿಟ್ಟು ಅದು ಹೊಡೆದಾಗ ಆಗೋ ಪೆಟ್ಟು ಬೇರೆ. ಫ್ರೀಜರ್‌ನಲ್ಲಿ ಉಳಿದ ಇಲಿಗಳ ಪೊಟ್ಟಣಕ್ಕೂ ಒಂದು ದಾರಿ ಮಾಡಿ. ಸೋಂಕಿನ ಅನುಮಾನ ಇರೋವರೆಗೆ ತೆರೆದ ಪೊಟ್ಟಣವನ್ನು ಬೇರೆ ಹಾವು ಸಾಕುವವರಿಗೆ ಕೊಡಬೇಡಿ.

ಮೂರ್ನಾಲ್ಕು ವಾರ ಕಳೆದರೂ ನಿದ್ದೆ, ಊಟ, ಕೆಲಸ ಹಳಿಗೆ ಬರದಿದ್ದರೆ ಆಪ್ತಸಮಾಲೋಚಕರ ಹತ್ತಿರ ಹೋಗಿ. ಹಾವು ಅಂತ ಹೇಳೋಕೆ ಅವರ ಮುಂದೆ ಸಂಕೋಚ ಬೇಡ.

ಮಗಳ ವಿಷಯ: "ಸತ್ತಿದೆ" ಅನ್ನೋ ಪದವನ್ನೇ ಬಳಸಿ. "ಮಲಗಿದೆ", "ಹೊರಟುಹೋಯ್ತು" ಬೇಡ. ಮಲಗಿದೆ ಅಂದರೆ ರಾತ್ರಿ ತಾನು ಮಲಗೋಕೆ ಹೆದರೋ ಮಕ್ಕಳಿದ್ದಾರೆ. "ದೇಹ ಕೆಲಸ ಮಾಡೋದು ನಿಲ್ಲಿಸಿದೆ, ನೋವು ಗೊತ್ತಾಗಲ್ಲ, ಯಾಕೆ ಅಂತ ಡಾಕ್ಟರ್ ನೋಡ್ತಿದ್ದಾರೆ" ಅಂದರೆ 8 ವರ್ಷಕ್ಕೆ ಅರ್ಥ ಆಗುತ್ತೆ. ಅವಳು ಕೇಳದೇ ಇರಬಹುದಾದ ಪ್ರಶ್ನೆಗೂ ಉತ್ತರ ಕೊಟ್ಟುಬಿಡಿ: ನೀನು ಎತ್ತಿಕೊಂಡಿದ್ದರಿಂದ ಆಗಿದ್ದಲ್ಲ.

ಮೂರೂವರೆ_ಅಡಿ

ಹೇಳಿದೆ. ಮೊದಲು ಕೇಳಿದ್ದು ಅದನ್ನೇ.

ವರದಿಯೂ ಬಂತು. ಪಿಸಿಆರ್‌ನಲ್ಲಿ ಮೂರು ವೈರಸ್‌ಗೂ ನೆಗೆಟಿವ್. ಹೊಟ್ಟೆಯಲ್ಲಿ ಕ್ರಿಪ್ಟೋ ಇಲ್ಲ. ಲಿವರ್‌ನಲ್ಲಿ ಅಲ್ಪ ಕೊಬ್ಬು. ಸಾವಿನ ಕಾರಣ: ನಿರ್ಧರಿಸಲಾಗಿಲ್ಲ. ಇದನ್ನು ಹೇಗೆ ಓದೋದು?

ಸ್ಲೈಡು_ಸೂಕ್ಷ್ಮದರ್ಶಕ

ಅದನ್ನು ಸೋಲು ಅಂತ ಓದಬೇಡಿ. ಆ ಕಾಗದ ಬಹಳಷ್ಟನ್ನು ಹೊಡೆದುಹಾಕಿದೆ. ಆ ಮೂರು ವೈರಸ್ ಸಿಕ್ಕಿಲ್ಲ, ಕ್ರಿಪ್ಟೋ ಇಲ್ಲ, ಗಡ್ಡೆ ಇಲ್ಲ, ಅಡ್ಡಿಯಾದ ಆಹಾರ ಇಲ್ಲ, ಕಿಡ್ನಿಯಲ್ಲಿ ಯೂರಿಕ್ ಆಮ್ಲದ ಹರಳು ಅಂದ್ರೆ ಗೌಟ್ ಇಲ್ಲ. ಅಲ್ಪ ಕೊಬ್ಬಿನ ಲಿವರ್ ಸಾಕಿದ ಹಾವುಗಳಲ್ಲಿ ಅಪರೂಪ ಅಲ್ಲ, ಅಷ್ಟಕ್ಕೇ ಸಾಯಲ್ಲ.

ಸ್ಲೈಡ್‌ನಲ್ಲಿ ಕಾಣದ ಸಾವುಗಳಿವೆ. ಹೃದಯದ ಲಯ ತಪ್ಪಿ ನಿಂತರೆ ಅಂಗಾಂಶದಲ್ಲಿ ಗುರುತು ಉಳಿಯಲ್ಲ. ಕೆಲವು ವಿಷಗಳೂ ಹಾಗೇ. ವರದಿಯಲ್ಲಿ "ಸ್ವವಿಘಟನೆ" (ಸತ್ತ ಮೇಲೆ ಅಂಗ ತನ್ನದೇ ಕಿಣ್ವಗಳಲ್ಲಿ ಕರಗೋದು) ಅನ್ನೋ ಪದ ಯಾವ ಅಂಗದ ಮುಂದೆ ಇದೆ ನೋಡಿ. ಆ ಅಂಗದ ಬಗ್ಗೆ "ಏನೂ ಕಂಡಿಲ್ಲ" ಅಂದರೆ "ನೋಡೋಕೆ ಆಗಲಿಲ್ಲ" ಅಂತ ಅರ್ಥ. ವೈದ್ಯರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಪಕ್ಕದ ಹಾವಿನ ಆರೈಕೆಯಲ್ಲಿ ಇದರಿಂದ ಏನಾದರೂ ಬದಲಾಗಬೇಕಾ? ಮೇಣದಲ್ಲಿ ಕೂರಿಸಿದ ತುಣುಕುಗಳನ್ನು ಪ್ರಯೋಗಾಲಯ ಇಟ್ಟುಕೊಂಡಿರುತ್ತೆ. ಕಾರ್ನ್ ಸ್ನೇಕ್‌ಗೆ ಮುಂದೆ ಏನಾದರೂ ಆದರೆ ಅವನ್ನು ಮತ್ತೆ ತೆಗೆದು ನೋಡಬಹುದು, ವರದಿಯ ಸಂಖ್ಯೆ ಜೋಪಾನ.

ಬೋವಾ_ಬಳಗ

ಕಾರ್ನ್ ಸ್ನೇಕ್‌ನ 90 ದಿನ ನಿಲ್ಲಿಸಬೇಡಿ. ನೆಗೆಟಿವ್ ಬಂದಿದ್ದು ಹುಡುಕಿದ ವೈರಸ್‌ಗಳಿಗೆ ಮಾತ್ರ.

ಮಣ್ಣು_ಹಾಸು

ದೇಹ ವಾಪಸ್ ಬಂದಿದ್ದರೆ ಹೂಳೋಕೆ 60ರಿಂದ 90 ಸೆಂಟಿಮೀಟರ್ ಆಳ, ಬಾವಿ ಅಥವಾ ನೀರಿನ ಮೂಲದಿಂದ ದೂರ. ಪ್ಲಾಸ್ಟಿಕ್ ಚೀಲ ತೆಗೆದು ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಚಪ್ಪಡಿ ಕಲ್ಲು ಇಡಿ, ಇಲ್ಲದಿದ್ದರೆ ನಾಯಿ ಕೆದರುತ್ತೆ. ದಹನವಾದರೆ ಇಷ್ಟು ಸಣ್ಣ ಹಾವಿನ ಬೂದಿ ಕೆಲವು ಚಮಚ ಮಾತ್ರ ಸಿಗುತ್ತೆ, ಬೇರೆ ಪ್ರಾಣಿಗಳ ಜೊತೆ ಸೇರಿಸದೆ ಒಂಟಿಯಾಗಿ ಮಾಡೋಕೆ ಕೇಳಬೇಕು. ಬಾಲ್ ಪೈಥಾನ್ ಸೈಟಿಸ್‌ನ (ಕಾಡುಜೀವಿಗಳ ವ್ಯಾಪಾರಕ್ಕೆ ಮಿತಿ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದ ಪ್ರಾಣಿ. ನೋಂದಣಿ ಮಾಡಿಸಿದ್ದರೆ ಸಾವನ್ನೂ ಅದೇ ಕಡೆ ತಿಳಿಸಿ, ವೈದ್ಯರ ವರದಿಯ ಪ್ರತಿ ಜೊತೆಗಿರಲಿ.

ಮೂರೂವರೆ_ಅಡಿ

ಹೂತಾಯ್ತು. ಕೊನೆಯದಾಗಿ ಬಿಟ್ಟ ಪೊರೆ ಒಂದು ಡಬ್ಬಿಯಲ್ಲಿದೆ. ಒಣಗಿ ಮುದುಡಿ ಹಗ್ಗದ ಥರ ಆಗಿದೆ. ಮಗಳಿಗೆ ಅದು ಬೇಕಂತೆ. ಬಿಡಿಸೋಕಾಗುತ್ತಾ?

ಖಾಲಿ_ಟ್ಯಾಂಕ್

ಆಗುತ್ತೆ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ದ್ರವ ಹಾಕಿ 15 ನಿಮಿಷ ನೆನೆಸಿ. ಎಳೆಯಬೇಡಿ, ನೀರಿನೊಳಗೇ ಬೆರಳಿನಿಂದ ಅಗಲಿಸ್ತಾ ಬನ್ನಿ. ಪೊರೆ ಕಾಲುಚೀಲ ಕಳಚಿದ ಹಾಗೆ ಒಳಮೈ ಹೊರಗಾಗಿ ಬಂದಿರುತ್ತೆ. ತಿರುಗಿಸೋಕೆ ಹೋಗಿ ಹರಿಯೋದು ಬೇಡ. ಶಾಯಿ ಇಲ್ಲದ ಬಿಳಿ ಕಾಗದದ ಮೇಲೆ ಹಾಸಿ, ಹೊಟ್ಟೆಯ ಅಗಲ ಹುರುಪೆಯ ನಡುವೆ ಸಣ್ಣ ಕತ್ತರಿಯಲ್ಲಿ ಉದ್ದಕ್ಕೆ ಕತ್ತರಿಸಿದರೆ ಚಪ್ಪಟೆಯಾಗುತ್ತೆ. ಮೇಲೊಂದು ಕಾಗದ, ಅದರ ಮೇಲೆ ಹಗುರ ಪುಸ್ತಕ, ನೆರಳಲ್ಲಿ ಎರಡು ದಿನ. ಪೊರೆ ಹಾವಿಗಿಂತ ಉದ್ದ ಇರುತ್ತೆ, ಚೌಕಟ್ಟು ಮಾಡಿಸೋದಿದ್ದರೆ ಒಣಗಿದ ಮೇಲೆ ಅಳೆಯಿರಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮನೆಯಲ್ಲಿ ಇನ್ನೊಂದು ಹಾವು ಇರೋದರಿಂದ ನುಸಿಗುಳಿಗೆ ಬೇಡ. ಮುಗಿದ ಮೇಲೆ ಇಬ್ಬರೂ ಸೋಪು ಹಾಕಿ ಕೈ ತೊಳೆಯಿರಿ.

ತಲೆಯ ಕಡೆಯಿಂದ ಶುರು ಮಾಡಿ. ಪೊರೆ ಪೂರ್ತಿಯಾಗಿದ್ದರೆ ಕಣ್ಣಿನ ಮೇಲಿನ ಎರಡು ಗುಂಡು ಮುಚ್ಚಳಗಳೂ, ಸಣ್ಣ ಲೆನ್ಸ್ ಥರ, ಅದರಲ್ಲೇ ಸಿಗುತ್ತವೆ. ಬೆಳಕಿಗೆ ಹಿಡಿದು ಮಗಳಿಗೆ ತೋರಿಸಿ.